‘ದೂಮ’ದ ಮುಂದಿನ ಜಾಗ

೪ ನವೆಂಬರ್ ೨೦೨೨, ಶುಕ್ರವಾರ
ಬಿನ್ ಒಮ್ರಾನ್

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಆ ರಿಜಿಸ್ಟರ್ ನಮ್ಮ ಮನೆಯದು.

ಸರಿ, ಬರೆದಾಯಿತು. ಇನ್ನು ಮೊದಲಿನಿಂದ ಹೇಳಬಹುದು. ಲಾಕ್‌ಡೌನಿನಲ್ಲಿ ಅಂಟಿದ ಅಭ್ಯಾಸ: ಶುಕ್ರವಾರ ಬೆಳಿಗ್ಗೆ ಕನ್ನಡದ ಒಂದು ಆನ್‌ಲೈನ್ ವಿಶ್ವಕೋಶಕ್ಕೆ ಲೇಖನ ಬರೆಯುತ್ತೇನೆ. ಸಂಬಳವಿಲ್ಲ, ಯಾರೂ ಹೊಗಳುವುದೂ ಇಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ನಲವತ್ತು ದಾಟಿದ ಮೇಲೆ ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ ಬರೆಯಲು ಬಂತಲ್ಲ ಎನ್ನುವುದೇ ಸಂತೋಷ. ಕಳೆದ ವರ್ಷ ಮಂಗಳೂರಿನ ಕತೆಗಾರ್ತಿ ರತ್ನಪ್ರಭಾ ಟೀಚರ ಬಗ್ಗೆ ಬರೆದೆ. ಈಗ ಅವರ ತಂದೆಯ ಬಗ್ಗೆ ಬರೆಯುತ್ತಿದ್ದೇನೆ. ಅವನು ೧೯೫೩ರಲ್ಲಿ ಹಡಗು ಹತ್ತಿ ಇದೇ ದೋಹಾಕ್ಕೆ ಬಂದ ಟೈಲರ್. ಇಪ್ಪತ್ತಾರು ವರ್ಷ ಇಲ್ಲಿನವರಿಗೆ ಅವರ ಉದ್ದನೆಯ ನಿಲುವಂಗಿ, ತೋಬ್, ಹೊಲಿದ. ಊರಿನಿಂದ ಬಂದವರಿಗಾಗಿ ಅರಬಿ ಮಾತುಗಳಿಗೆ ಕನ್ನಡ ಅರ್ಥ ಬರೆದು ಒಂದು ಪುಸ್ತಕ ಮಾಡಿದ್ದ ಎಂದು ಟೀಚರ ಹಳೆಯ ಸಂದರ್ಶನವೊಂದರಲ್ಲಿದೆ. ಮಗಳ ಪುಟದ ಒಂದು ಸಾಲಾಗಿ ಅಲ್ಲ, ಅವನದೇ ಪುಟ ಬೇಕು ಎಂಬುದು ನನ್ನ ವಾದ.

ತೊಡಕು ಶೀರ್ಷಿಕೆಯದು. ಸಂದರ್ಶನದಲ್ಲಿ ಟೀಚರ್ ಉದ್ದಕ್ಕೂ ‘ಅಪ್ಪ’ ಎಂದೇ ಹೇಳಿದ್ದಾರೆ, ಹೆಸರಿಲ್ಲ. ಜುಲೈಯಲ್ಲಿ ಊರಿಗೆ ಹೋದಾಗ ಅಮ್ಮನ ಕಪಾಟಿನಲ್ಲಿ ಮುತ್ತಜ್ಜನ ಶಾಲೆಯ ರಿಜಿಸ್ಟರ್ ಸಿಕ್ಕಿತು. ಅಮ್ಮನ ಅಜ್ಜ ತಮ್ಮದೇ ಜಾಗದಲ್ಲಿ ಶಾಲೆ ಕಟ್ಟಿಸಿ, ತಾವೇ ಹೆಡ್‌ಮಾಸ್ಟರಾಗಿ ಮೂವತ್ತು ವರ್ಷ ಪಾಠ ಹೇಳಿದರು. ೧೯೩೦ರ ಪುಟದಲ್ಲಿ, ಅವರ ಮುತ್ತಿನಂಥ ಅಕ್ಷರದಲ್ಲಿ, ಟೀಚರ ಊರು, ಅಜ್ಜಿಯ ಹೆಸರು ಎಲ್ಲ ಹೊಂದುವ ಒಬ್ಬ ಹುಡುಗ: ‘ದೂಮ’.

ನಾನು ಆಫೀಸಿನಲ್ಲಿ ಮಾಡುವುದೂ ಇದೇ ಕೆಲಸ. ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಪ್ರತಿ ನಕ್ಷೆಗೂ ಹೆಸರು, ನಂಬರು, ಎಷ್ಟನೆಯ ತಿದ್ದುಪಡಿ ಎಂಬ ಗುರುತು. ಮೊದಲ ಪ್ರತಿ ರೆವ್ ಝೀರೋ. ಎಲ್ಲ ಅಲ್ಲಿಂದ ಶುರು. ಹಾಗಾಗಿ ಶೀರ್ಷಿಕೆ ‘ದೂಮ’. ಆಧಾರ: ಶಾಲಾ ರಿಜಿಸ್ಟರ್, ೧೯೩೦, ಖಾಸಗಿ ಸಂಗ್ರಹ.

ಯಾರ ಖಾಸಗಿ ಎಂದು ಹಾಕಲಿಲ್ಲ. ಹಾಕಿದರೆ ಏನು ವ್ಯತ್ಯಾಸ? ದಾಖಲೆ ದಾಖಲೆಯೇ.

೯ ನವೆಂಬರ್, ಬುಧವಾರ

ಮಗಳು ಗಾನವಿಗೆ ಮುಂದಿನ ವಾರದಿಂದ ರಜೆ. ವರ್ಲ್ಡ್ ಕಪ್ಪಿಗಾಗಿ ಶಾಲೆಗಳನ್ನೇ ಮುಚ್ಚುವ ದೇಶದಲ್ಲಿ ಹದಿಮೂರು ವರ್ಷದವಳಾಗಿರುವುದು ಎಂಥ ಅದೃಷ್ಟ. ಅವಳಪ್ಪ ಯಜ್ಞೇಶ್ ಸ್ಟೇಡಿಯಂನಲ್ಲಿ ಸ್ವಯಂಸೇವಕ. ಯೂನಿಫಾರ್ಮ್ ಬಂದ ದಿನದಿಂದ ತರಕಾರಿ ತರಲೂ ಅದನ್ನೇ ಹಾಕಿಕೊಂಡು ಹೋಗುತ್ತಿದ್ದಾರೆ. ಕೆಳಗಿನ ಅಂಗಡಿಯ ಮಲಯಾಳಿ ಅವರಿಗೆ ಸಲ್ಯೂಟ್ ಹೊಡೆದನಂತೆ. ಅದನ್ನು ಮೂರು ಸಲ ಹೇಳಿದರು.

ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕನ್ನಡ ಎಂದು ಗಾನವಿಯೊಡನೆ ಒಪ್ಪಂದ. ಇವತ್ತು ರಿಜಿಸ್ಟರಿನ ಫೋಟೋ ಕೊಟ್ಟು ಓದು ಎಂದೆ. ಬೆರಳಿಟ್ಟು ಓದಿದಳು. ಸಂಕಪ್ಪ. ತಿಮ್ಮಪ್ಪ. ಬಾಬಣ್ಣ. ಕಾಂತಪ್ಪ.

“ಮುತ್ತಜ್ಜ ಎಷ್ಟು ನೀಟಾಗಿ ಬರ್ದಿದ್ದಾನೆ!”

“ಬರೆದಿದ್ದಾರೆ ಅನ್ನು. ದೊಡ್ಡವರು.”

“ಸತ್ತ ಮೇಲೂನಾ?”

“ಸತ್ತ ಮೇಲೂ.”

ಕೊನೆಯ ಸಾಲಿಗೆ ಬಂದಳು. “ದೂಮ. ಅಮ್ಮಾ, ಇವನ ಹೆಸ್ರು ಯಾಕೆ ಇಷ್ಟು ಶಾರ್ಟ್? ಸ್ಪೇಸ್ ಇರ್ಲಿಲ್ವಾ?”

ಆಗೆಲ್ಲ ಹಾಗೆಯೇ ಇಡುತ್ತಿದ್ದರು ಎಂದೆ. ಅವಳು ಒಪ್ಪಿ ಎದ್ದು ಹೋದಳು. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಜಾಗ ಇತ್ತು.

ಆ ಹುಡುಗ ನಾಲ್ಕನೆಯ ತರಗತಿಯವರೆಗೆ ಓದಿದ. ಆಮೇಲೆ ಬಿಟ್ಟ.

೧೮ ನವೆಂಬರ್, ಶುಕ್ರವಾರ

ಹವೆ ಎಷ್ಟು ಚೆನ್ನಾಗಿದೆಯೆಂದರೆ ಕಾರಿನ ಕಿಟಕಿ ಇಳಿಸಿಕೊಂಡೇ ಉಮ್ಮ್ ಸಲಾಲ್‌ಗೆ ಹೋದೆವು. ಅಲ್ಲಿ ಮೊಯ್ದಿನ್ ಬ್ಯಾರಿ ಎಂಬ ಹಿರಿಯರಿದ್ದಾರೆ, ಎಪ್ಪತ್ತಾರು ವರ್ಷ. ಪರದೆ ಬಟ್ಟೆಯ ಅಂಗಡಿ ಈಗ ಮಗನದು. ಇವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ಹೆದರಿಸುವುದು. ಇಲ್ಲಿನ ನಮ್ಮ ಊರಿನವರ ಸಂಘದವರೊಬ್ಬರು ಹೇಳಿದ್ದರು, ಹಳೆಯ ಕಾಲದ ಟೈಲರನ್ನು ನೋಡಿದವರು ಎಂದು. ಮಾತೆಲ್ಲ ತುಳುವಿನಲ್ಲೇ ಆಯಿತು, ಇಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

“ದೂಮಣ್ಣನಾ?” ಎಂದು ಅರ್ಧ ಎದ್ದೇಬಿಟ್ಟರು. “ನಾನು ಬಂದದ್ದು ಅರವತ್ತೈದರಲ್ಲಿ. ದೋಹಾ ಅಲ್ ಜದೀದಾದಲ್ಲಿ ಅವರ ಅಂಗಡಿ. ಅಂಗಡಿ ಅಂದ್ರೆ ಎಂತ, ಒಂದು ಮೆಷಿನ್, ಒಂದು ಬೆಂಚು. ಶುಕ್ರವಾರ ಜುಮಾ ನಮಾಜು ಮುಗಿಸಿ ನಾವು ಓದು ಬರಹ ಇಲ್ಲದವರೆಲ್ಲ ಆ ಬೆಂಚಿನ ಮೇಲೆ ಸಾಲಾಗಿ ಕೂರೋದು. ಊರಿಗೆ ಪತ್ರ ಬರೆದುಕೊಡ್ತಿದ್ರು. ನಾನು ಹೇಳದ್ದನ್ನೂ ಬರೀತಿದ್ರು! ‘ನಿಮ್ಮ ಮಗ ಹೊಟ್ಟೆ ತುಂಬ ಉಣ್ಣುತ್ತಾನೆ’ ಅಂತ ನನ್ನ ಉಮ್ಮನಿಗೆ. ನಾನು ಎಲ್ಲಿ ಉಣ್ತಿದ್ದೆ? ಆಮೇಲೆ ಅವರೇ ಕರೆದು ಉಣ್ಣಿಸಿದ್ರು. ಪತ್ರ ಸುಳ್ಳಾಗಬಾರದಲ್ಲ.”

ಸೊಸೆ ಸೌದಾ ಹಾಲಿಲ್ಲದ ಸುಲೈಮಾನಿ ಚಹಾ ತಂದಳು. ಮೊಯ್ದಿನ್ ಅವಳ ಹಿಂದೆಯೇ ಒಳಗೆ ಹೋಗಿ ಬಿಸ್ಕೆಟ್ ಡಬ್ಬಿಯೊಂದನ್ನು ಹಿಡಿದು ಬಂದರು. ಅದರೊಳಗೆ ನೂರು ಪುಟದ ನೋಟುಬುಕ್ಕು. ಅದೇ ಪುಸ್ತಕ! ಟೈಲರ್ ಊರಿಗೆ ಹೊರಡುವಾಗ ಇವರಿಗೆ ಕೊಟ್ಟು ಹೋದದ್ದಂತೆ. ಎಡಗಡೆ ಅರಬಿ ಮಾತು ಕನ್ನಡ ಅಕ್ಷರದಲ್ಲಿ, ಬಲಗಡೆ ಅರ್ಥ. ‘ಖಲಾಸ್: ಮುಗಿಯಿತು. ಕೆಲಸಕ್ಕೂ ಹೇಳುತ್ತಾರೆ, ಮನುಷ್ಯನಿಗೂ ಹೇಳುತ್ತಾರೆ.’ ‘ಮಾಫಿ: ಇಲ್ಲ. ಯಜಮಾನರಿಗೆ ಹೇಳುವಾಗ ಮೆಲ್ಲಗೆ ಹೇಳಬೇಕು.’ ‘ಯಲ್ಲಾ: ಹೊರಡು. ಕೋಪವಿಲ್ಲ, ಹೆದರಬೇಡ.’ ಹೆದರಬೇಡ ಎಂದು ನಿಘಂಟಿನಲ್ಲಿ ಯಾರು ಬರೆಯುತ್ತಾರೆ? ಗಾನವಿ ಪುಟ ಹಿಡಿದಳು, ನಾನು ಎಲ್ಲವನ್ನೂ ಫೋಟೋ ತೆಗೆದುಕೊಂಡೆ.

ಹೊರಡುವಾಗ ಕೇಳಿದರು: “ಹೆಸರು ಎಂತ ಅಂತ ಹಾಕ್ತೀರಿ ಮಗಳೇ?”

“ದೂಮ ಅಂತ.”

“ಯಾರು?”

ಕೇಳಿಸಲಿಲ್ಲವೇನೋ ಎಂದು ಸ್ವಲ್ಪ ಜೋರಾಗಿ ಹೇಳಿದೆ.

“ಹಾಗೆ ಒಬ್ಬರು ಇಲ್ಲಿ ಇರ್ಲಿಲ್ಲ,” ಎಂದರು. ಯಜ್ಞೇಶ್ ಕಡೆ ತಿರುಗಿ ಸ್ಟೇಡಿಯಂ ವಿಷಯ ಕೇಳತೊಡಗಿದರು.

೨೨ ನವೆಂಬರ್, ಮಂಗಳವಾರ

ಸೌದಿ ಅರ್ಜೆಂಟೀನಾವನ್ನು ಸೋಲಿಸಿತು. ಸಂಜೆಯೆಲ್ಲ ನಮ್ಮ ಬಿನ್ ಒಮ್ರಾನ್ ಬೀದಿಗಳ ತುಂಬ ಹಾರ್ನು. ಗಾನವಿ ಬಾಲ್ಕನಿಯಲ್ಲಿ ಕುಣಿದಳು, ಅವಳ ತಂಡ ಯಾವುದೆಂದು ಇನ್ನೂ ಗೊತ್ತಿಲ್ಲ.

ಕರಡಿನ ಶೀರ್ಷಿಕೆಯನ್ನು ‘ದೂಮಣ್ಣ’ ಎಂದು ಬದಲಾಯಿಸಿದ್ದೆ. ಒಂದೇ ಗಂಟೆಯಲ್ಲಿ ಸಂಜಯ್ ವಾಪಸು ‘ದೂಮ’ ಮಾಡಿದ್ದಾರೆ. ಅವರು ಮೈಸೂರಿನಲ್ಲಿ ಕಾಲೇಜು ಮೇಷ್ಟ್ರು, ವಿಶ್ವಕೋಶದಲ್ಲಿ ನನ್ನ ಲೇಖನಗಳನ್ನು ಪರಿಶೀಲಿಸುವವರು, ಬಹಳ ಮರ್ಯಾದಸ್ಥ. ಚರ್ಚೆಪುಟದಲ್ಲಿ ಬರೆದದ್ದು: “ಶೀರ್ಷಿಕೆಯಲ್ಲಿ ಶ್ರೀ, ಅವರು, ಅಣ್ಣ, ಮಾಸ್ತರ್ ಮೊದಲಾದ ಗೌರವಸೂಚಕಗಳು ಬೇಡ ಎಂಬುದು ನಿಯಮ. ಅಲ್ಲದೆ ಅತಿ ಹಳೆಯ ದಾಖಲೆ ನೀವೇ ಕೊಟ್ಟಿದ್ದೀರಲ್ಲ?”

ಹೌದು. ನಾನೇ ಕೊಟ್ಟದ್ದು.

೨೫ ನವೆಂಬರ್, ಶುಕ್ರವಾರ

ತಂದೆಯದೊಂದು ಫೋಟೋ ಬೇಕೆಂದು ರತ್ನಪ್ರಭಾ ಟೀಚರಿಗೆ ಕರಡಿನ ಲಿಂಕ್ ಕಳಿಸಿದ್ದೆ. ಬೆಳಿಗ್ಗೆ ಅವರದೇ ಫೋನು. ಎಪ್ಪತ್ತಾರು ವರ್ಷ, ಹೈಸ್ಕೂಲಿನ ಕೊನೆಯ ಬೆಂಚಿಗೆ ಕೇಳಿಸುವ ಧ್ವನಿ.

“ಜಾಹ್ನವಿ, ಓದಿದೆ. ಚೆನ್ನಾಗಿ ಬರೆದಿದ್ದೀ. ಮೊಯ್ದಿನಣ್ಣನನ್ನು ಹುಡುಕಿದ್ದಿ, ಸಂತೋಷ. ಆದರೆ ಆ ಹೆಸರಿನಲ್ಲಿ ಅಪ್ಪನ ಪುಟ ಬೇಡ.”

“ಟೀಚರ್, ಅದು ಅತಿ ಹಳೆಯ...”

“ನನಗೆ ಗೊತ್ತುಂಟು ಅದು ಎಷ್ಟು ಹಳೆಯದು ಅಂತ.” ಸ್ವಲ್ಪ ನಕ್ಕರು. “ಆ ವರ್ಷ ಶಾಲೆಗೆ ಸೇರಿದ ಮಕ್ಕಳಿಗೆಲ್ಲ ಒಂದೊಂದು ‘ಪ್ಪ’ ಸಿಕ್ಕಿತು. ನಮ್ಮ ಅಪ್ಪನ ಹೊತ್ತಿಗೆ ಮಾಸ್ತರರ ಶಾಯಿ ಮುಗಿದಿತ್ತೋ ಏನೋ. ನಮ್ಮವರ ಹೆಸರಿಗೆ ಅದನ್ನು ಸೇರಿಸುವ ಕ್ರಮ ಇರಲಿಲ್ಲ. ಉಳಿದವರು ಕೂತ ಜಗಲಿಯ ಕೆಳಗೆ ನಿಂತು ಮಾತಾಡುವವರಿಗೆ ‘ಪ್ಪ’ ಎಂತಕ್ಕೆ?”

ಆಮೇಲೆ ಅಪ್ಪನ ಒಂದು ಕತೆ ಹೇಳಿದರು. ಬೊಂಬಾಯಿಯಲ್ಲಿ ಪಾಸ್‌ಪೋರ್ಟಿನ ಅರ್ಜಿ ತುಂಬಿಸುವ ಗುಮಾಸ್ತ ಹೆಸರು ಕೇಳಿದನಂತೆ. ದೂಮ. ಪೂರ್ತಿ ಹೆಸರು ಹೇಳಯ್ಯಾ ಎಂದನಂತೆ. ಇವರು ಆಗ ದೂಮಪ್ಪ ಎಂದರಂತೆ. ಗುಮಾಸ್ತ ತಲೆ ಕೂಡ ಎತ್ತದೆ ಬರೆದುಕೊಂಡ.

“ಅಷ್ಟೇ. ಕೇಳಿದರೆ ಕೊಡುವ ಜಾಗ ಒಂದು ಉಂಟು ಅಂತ ಅಪ್ಪನಿಗೆ ಆ ದಿನವೇ ಗೊತ್ತಾದದ್ದು. ಸಂಜೆ ಇರಾನಿ ಹೋಟೆಲಿಗೆ ಹೋಗಿ ಒಬ್ಬರೇ ಕೂತು ಚಾ ಕುಡಿದು ಬನ್ ಮಸ್ಕಾ ತಿಂದರಂತೆ. ಹೆಸರಿಟ್ಟ ಊಟ! ಅದಕ್ಕೂ ಮೊದಲೇ ಇಟ್ಟ ನನ್ನ ಹೆಸರು ನೋಡು. ನಾಲ್ಕಕ್ಷರ, ಅದರಲ್ಲಿ ಎರಡು ಒತ್ತಕ್ಷರ. ಕತ್ತರಿಸಲಿಕ್ಕೆ ಕಷ್ಟವಾಗಲಿ ಅಂತಲೇ ಇಟ್ಟದ್ದು. ಟೈಲರ್ ಅಲ್ಲವಾ, ಒಳಗೆ ಬಟ್ಟೆ ಬಿಟ್ಟು ಹೊಲಿಯುವವರು.”

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಕೇಳಿದರು:

“ಆ ರಿಜಿಸ್ಟರ್ ಈಗ ಯಾರ ಹತ್ತಿರ ಉಂಟು?”

“ಅದು... ಒಂದು ಖಾಸಗಿ ಸಂಗ್ರಹ, ಟೀಚರ್.”

“ಹೌದಾ. ಸಂಗ್ರಹ,” ಎಂದರು.

ಫೋಟೋ ಕಳಿಸುವ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

೨೭ ನವೆಂಬರ್, ಭಾನುವಾರ

ಇಲ್ಲಿ ವಾರದ ಮೊದಲ ದಿನ, ಆಫೀಸು. ೧೪೨ ನಕ್ಷೆ. ಒಂದಕ್ಕೂ ತಪ್ಪು ನಂಬರು ಬೀಳಲಿಲ್ಲ.

೨ ಡಿಸೆಂಬರ್, ಶುಕ್ರವಾರ

ಮಧ್ಯಾಹ್ನ ಊಟಕ್ಕೆ ನೀರುದೋಸೆ, ಕೋಳಿಸಾರು. ಬಾಲ್ಕನಿಯ ಬಾಗಿಲು ತೆರೆದಿಟ್ಟು ನೆಲದ ಮೇಲೆ ಕೂತು ತಿಂದೆವು. ಇಂಥ ಮಧ್ಯಾಹ್ನಗಳಿಗೆ ವರ್ಷದಲ್ಲಿ ಎಂಟು ತಿಂಗಳು ಕಾಯುತ್ತೇವೆ. ನಾಲ್ಕನೆಯ ದೋಸೆಯ ಹೊತ್ತಿಗೆ ಯಜ್ಞೇಶರಿಗೆ ಶೀರ್ಷಿಕೆಯ ತಲೆನೋವು ಹೇಳಿದೆ. ಇಷ್ಟು ದಿನ ಹೇಳಿರಲಿಲ್ಲ. ‘ಪ್ಪ’ದ ವಿಷಯವನ್ನೂ, ರಿಜಿಸ್ಟರ್ ಯಾರದು ಎಂಬುದನ್ನೂ ಹೇಳಿದೆ.

ಅವರು ಸಾರು ಬಡಿಸಿಕೊಳ್ಳುತ್ತ ಕೇಳಿದರು, “ಕಟ್ಟಡ ಹ್ಯಾಂಡೋವರ್ ಮಾಡುವಾಗ ಮಾಲೀಕನಿಗೆ ಯಾವ ನಕ್ಷೆ ಕೊಡ್ತೀರಿ? ರೆವ್ ಝೀರೋನಾ?”

“ಇಲ್ಲಪ್ಪ. ಆ್ಯಸ್-ಬಿಲ್ಟ್.” ಕಟ್ಟಿ ಮುಗಿದ ಮೇಲೆ ಗೋಡೆ ನಿಜವಾಗಿ ಎಲ್ಲಿ ನಿಂತಿದೆಯೋ ಹಾಗೆ ಬಿಡಿಸಿದ ನಕ್ಷೆ.

“ಮತ್ತೆ ಆ ಮನುಷ್ಯನಿಗೆ ಮಾತ್ರ ರೆವ್ ಝೀರೋ ಕೊಡ್ತೀಯಾ?”

ಗಾನವಿ ಚಪ್ಪಾಳೆ ಹೊಡೆದಳು. “ಅಪ್ಪ ವಾಲಂಟಿಯರ್ ಆದ್ಮೇಲೆ ಸ್ಮಾರ್ಟ್ ಆಗಿದ್ದಾರೆ!”

ಕೈ ತೊಳೆದು ಬಂದು ನೋಟುಬುಕ್ಕಿನ ಫೋಟೋಗಳನ್ನು ಮತ್ತೆ ನೋಡಿದೆ. ಅಷ್ಟು ಸಲ ನೋಡಿದ್ದರೂ ಮೊದಲ ಪುಟವನ್ನು ಪದಗಳಿಲ್ಲ ಎಂದು ದಾಟಿಸಿಬಿಟ್ಟಿದ್ದೆ. ಮೇಲೆ ನೀಲಿ ಶಾಯಿಯಲ್ಲಿ ಅವರ ಕೈಬರಹ: ‘ದೂಮಪ್ಪ, ಟೈಲರ್, ದೋಹಾ. ೧೯೫೮.’ ‘ಪ್ಪ’ದ ಒತ್ತನ್ನು ಎಷ್ಟು ಒತ್ತಿ ಬರೆದಿದ್ದಾರೆಂದರೆ ಹಾಳೆಯ ಹಿಂಬದಿಯಲ್ಲೂ ಅದರ ಗುರುತು ಮೂಡಿದೆ.

೪ ಡಿಸೆಂಬರ್, ಭಾನುವಾರ

ಅಮ್ಮನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ: ರಿಜಿಸ್ಟರ್ ನಮ್ಮದೆಂದು ಬರೆಯಬೇಕಾಗುತ್ತದೆ, ಅದರಲ್ಲಿ ಏನು ಬರೆದಿದೆ, ಏನು ಬಿಟ್ಟಿದೆ ಎಂಬುದನ್ನೂ.

“ಬೇಡ ಮಗಾ. ಅಷ್ಟು ದೊಡ್ಡ ಶಾಲೆ ಕಟ್ಟಿಸಿದವರನ್ನು ಬಿಟ್ಟು, ಒಂದು ‘ಪ್ಪ’ ಬಿಟ್ಟದ್ದನ್ನು ಬರೆಯುತ್ತೀಯಾ? ಆ ಕಾಲದಲ್ಲಿ ಆ ಹುಡುಗನನ್ನು ಸೇರಿಸಿಕೊಂಡವರು ಯಾರು? ಬೇರೆ ಮಾಸ್ತರರು ಸೇರಿಸಿಕೊಳ್ಳುತ್ತಿದ್ದರಾ? ಇದಕ್ಕೇ ಎರಡು ಮಕ್ಕಳ ಮನೆಯವರು ಬಂದು ಜಗಳ ಮಾಡಿ ಹೆಸರು ತೆಗೆಸಿಕೊಂಡು ಹೋದರಂತೆ. ಅದನ್ನು ಬರೆ.”

ಇದು ನನಗೆ ಗೊತ್ತಿರಲಿಲ್ಲ.

“ಬರೆಯುತ್ತೇನಮ್ಮ. ಅದನ್ನೂ.”

“ಅದನ್ನೂ ಅಂದರೆ?”

“ಸೇರಿಸಿಕೊಂಡದ್ದೂ ಅವರೇ, ಬಿಟ್ಟದ್ದೂ ಅವರೇ ಅಲ್ಲವಾ.”

“ನಿನ್ನ ಮಾವ ಓದಿದರೆ ನನ್ನ ಹತ್ತಿರ ಮಾತು ಬಿಡುತ್ತಾನೆ,” ಎಂದರು. ಆಮೇಲೆ, “ಅವನು ಓದುವುದಾದರೂ ಎಲ್ಲಿ,” ಎಂದು ತಾವೇ ಸಮಾಧಾನ ಮಾಡಿಕೊಂಡು, ನೀರುದೋಸೆಗೆ ಅಕ್ಕಿ ಎಷ್ಟು ಹೊತ್ತು ನೆನೆಹಾಕಿದೆ ಎಂದು ಕೇಳಿದರು.

ನಾನು ಮುತ್ತಜ್ಜನನ್ನು ಹೀಗೆ ಎಳೆದು ತರುವುದು ನ್ಯಾಯವೇ? ಅವರು ಉತ್ತರ ಕೊಡಲು ಇಲ್ಲ. ದೂಮಪ್ಪನವರೂ ಇಲ್ಲ. ಇಬ್ಬರೂ ಬರೆದದ್ದು ಮಾತ್ರ ಇದೆ. ಒಬ್ಬರು ಕಪ್ಪು ಶಾಯಿ, ಒಬ್ಬರು ನೀಲಿ.

೯ ಡಿಸೆಂಬರ್, ಶುಕ್ರವಾರ

ಬೆಳಿಗ್ಗೆ ಚರ್ಚೆಪುಟದಲ್ಲಿ ಬರೆದುಬಿಟ್ಟೆ. ಐದು ಸಲ ತಿದ್ದಿದ್ದನ್ನು ಹಾಗೆಯೇ ಇಲ್ಲಿ ಇಟ್ಟುಕೊಳ್ಳುತ್ತೇನೆ:

“ನಾನು ಕೊಟ್ಟ ರಿಜಿಸ್ಟರ್ ನನ್ನ ತಾಯಿಯ ಮನೆಯದು. ಅದನ್ನು ಬರೆದ ಹೆಡ್‌ಮಾಸ್ಟರು ನನ್ನ ಮುತ್ತಜ್ಜ. ಇದನ್ನು ಮೊದಲೇ ಹೇಳಬೇಕಿತ್ತು. ಆ ಪುಟದಲ್ಲಿ ಹನ್ನೊಂದು ಹೆಸರುಗಳಿವೆ. ಹತ್ತು ‘ಅಪ್ಪ’ ಅಥವಾ ‘ಅಣ್ಣ’ದಲ್ಲಿ ಮುಗಿಯುತ್ತವೆ. ನಮ್ಮ ನಿಯಮದ ಪ್ರಕಾರ ಆ ಹತ್ತರಲ್ಲಿ ಅದು ಹೆಸರು, ಹನ್ನೊಂದನೆಯದರಲ್ಲಿ ಗೌರವಸೂಚಕ. ಇದು ಸರಿ ಕಾಣುವುದಿಲ್ಲ. ‘ದೂಮಪ್ಪ’ ಅವರು ತಾವೇ ಇಟ್ಟುಕೊಂಡ ಹೆಸರು. ಪುಸ್ತಕದಲ್ಲಿ ಅವರ ಕೈಬರಹವಿದೆ. ಶೀರ್ಷಿಕೆ ಅದೇ ಇರಲಿ ಎಂದು ಕೋರುತ್ತೇನೆ. ನನ್ನ ಸಂಬಂಧದಿಂದಾಗಿ ಈ ಲೇಖನವನ್ನು ಬೇರೆಯವರು ಮುಂದುವರಿಸಬೇಕೆಂದಾದರೆ ಒಪ್ಪುತ್ತೇನೆ.”

ಕೊನೆಯ ಸಾಲನ್ನು ಮಾತ್ರ ಅಳಿಸಿ ಮತ್ತೆ ಬರೆದೆ. ಇದು ನನ್ನ ಕೈತಪ್ಪಿ ಹೋಗುವುದು ನನಗೆ ಬೇಡ.

ಮೂವರೂ ಸಮುದ್ರದಂಡೆಯ ಕೋರ್ನಿಷ್‌ಗೆ ಹೋದೆವು. ಮೊರಾಕ್ಕೋದವರು ಡೋಲು ಬಡಿಯುತ್ತಿದ್ದರು. ಗಾನವಿಗೆ ಕೊನೆಗೂ ಒಂದು ತಂಡ ಸಿಕ್ಕಿದೆ.

ಮನೆಗೆ ಬಂದಾಗ ಸಂಜಯ್ ಉತ್ತರ ಇತ್ತು. “ಮೇಡಂ, ನೀವೇ ಮುಂದುವರಿಸಿ. ಸಂಬಂಧವನ್ನು ಲೇಖನದಲ್ಲೇ ಹೇಳಿದರೆ ಸಾಕು. ಆ ನಿಯಮವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನೇ. ನಮ್ಮ ಮನೆಯಲ್ಲಿ ಯಾರೂ ‘ಪ್ಪ’ವನ್ನು ಕೇಳಿ ಪಡೆಯಬೇಕಾಗಿರಲಿಲ್ಲ, ಹಾಗಾಗಿ ಹೊಳೆಯಲಿಲ್ಲ. ಶೀರ್ಷಿಕೆ ‘ದೂಮಪ್ಪ’ ಇರಲಿ. ‘ದೂಮ’ ಎಂದು ಹುಡುಕಿದವರು ತಾನಾಗಿ ‘ದೂಮಪ್ಪ’ ಪುಟಕ್ಕೆ ಬಂದು ನಿಲ್ಲುವ ಹಾಗೆ ದಾರಿ ಹಾಕಿದ್ದೇನೆ.”

ಎರಡು ಸಲ ಪರೀಕ್ಷಿಸಿ ನೋಡಿದೆ. ‘ದೂಮ’ ಎಂದು ಟೈಪ್ ಮಾಡಿದರೆ ‘ದೂಮಪ್ಪ’ ತೆರೆಯುತ್ತದೆ. ಗಾನವಿಗೂ ಮಾಡಿ ತೋರಿಸಿದೆ. “ಸೋ, ಸ್ಪೇಸ್ ಇತ್ತು,” ಎಂದಳು.

೧೮ ಡಿಸೆಂಬರ್, ಭಾನುವಾರ

ಕತಾರ್ ರಾಷ್ಟ್ರೀಯ ದಿನ, ಫೈನಲ್ಲೂ ಇವತ್ತೇ. ಯಜ್ಞೇಶ್ ಬೆಳಿಗ್ಗೆಯೇ ಹೊರಟರು, ಯೂನಿಫಾರ್ಮಿಗೆ ಇಸ್ತ್ರಿ ಹಾಕಿಸಿಕೊಂಡು. ನಾಳೆಯಿಂದ ಏನು ಹಾಕಿಕೊಂಡು ತರಕಾರಿ ತರುತ್ತಾರೋ.

ನಿನ್ನೆ ಹೊಸ ಕರಡನ್ನು ರತ್ನಪ್ರಭಾ ಟೀಚರಿಗೆ ಕಳಿಸಿದ್ದೆ, ರಿಜಿಸ್ಟರ್ ಯಾರದೆಂಬ ವಾಕ್ಯವನ್ನು ಸೇರಿಸಿಯೇ. ಇವತ್ತು ಹತ್ತು ಗಂಟೆಗೆ ಫೋನು ಬಂತು. ನಾನು ಮೊದಲು ಹೇಳಿಬಿಡಬೇಕೆಂದು, “ಟೀಚರ್, ಅವತ್ತು ನಾನು ಸಂಗ್ರಹ ಅಂದೆ...” ಎಂದು ಶುರು ಮಾಡಿದೆ.

“ಮಾರಾಯ್ತಿ, ನೀನು ಕಳೆದ ವರ್ಷ ನನ್ನ ಪುಟ ಬರೆಯುವಾಗಲೇ ನಿನ್ನ ತಾಯಿಮನೆ ಯಾವುದು ಅಂತ ನಾನು ವಿಚಾರಿಸಿದ್ದೆ. ನಿನ್ನ ಬಾಯಿಯಿಂದ ಯಾವಾಗ ಬರುತ್ತದೆ ಅಂತ ನೋಡುತ್ತಿದ್ದೆ. ಹದಿಮೂರು ತಿಂಗಳು ಹಿಡಿಯಿತು. ನನ್ನ ಕ್ಲಾಸಿನಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.”

ಅವರೇ ಮುಂದುವರಿಸಿದರು.

“ನಿನ್ನ ಮುತ್ತಜ್ಜ ಅಪ್ಪನನ್ನು ಸೇರಿಸಿಕೊಂಡದ್ದಕ್ಕೆ ಜಗಳ ಆದದ್ದು ಬರೆದಿದ್ದೀಯಲ್ಲ, ಅದು ಇರಲಿ. ಅಪ್ಪನೂ ಅದನ್ನು ಹೇಳುತ್ತಿದ್ದರು. ಆ ಮಾಸ್ತರರನ್ನು ಬೈದದ್ದು ನಾನು ಕೇಳಲಿಲ್ಲ. ‘ಅಕ್ಷರ ಕೊಟ್ಟರು, ಒಂದು ಅಕ್ಷರ ಇಟ್ಟುಕೊಂಡರು’ ಅಂತ ನಗುತ್ತಿದ್ದರು, ಅಷ್ಟೇ.”

ಒಂದೇ ತಿದ್ದುಪಡಿ ಹೇಳಿದರು. ಮೊದಲ ವಾಕ್ಯ ‘ದೂಮಪ್ಪ ಕತೆಗಾರ್ತಿ ರತ್ನಪ್ರಭಾ ಅವರ ತಂದೆ’ ಎಂದಿತ್ತು. “ಅದನ್ನು ಕೊನೆಗೆ ಹಾಕು. ನನ್ನ ಪುಟದಲ್ಲಿ ಅಪ್ಪ ಮೊದಲು ಬಂದಿದ್ದಾರೆ. ಅಪ್ಪನ ಪುಟದಲ್ಲಿ ನಾನು ಕೊನೆಗೆ ಬಂದರೆ ಸಾಕು.”

ಈಗ ಮೊದಲ ವಾಕ್ಯ: ‘ದೂಮಪ್ಪ ದೋಹಾದಲ್ಲಿ ಟೈಲರ್ ಆಗಿದ್ದರು, ಊರಿನವರಿಗಾಗಿ ಅರಬಿ-ಕನ್ನಡ ಪದಕೋಶವೊಂದನ್ನು ಕೈಯಲ್ಲಿ ಬರೆದರು.’ ಗಾನವಿ ಪೂರ್ತಿ ಪುಟವನ್ನು ಗಟ್ಟಿಯಾಗಿ ಓದಿದಳು. ಎಲ್ಲಿಯೂ ತಡೆಯಲಿಲ್ಲ. ‘ಹೆದರಬೇಡ’ ಎಂಬಲ್ಲಿ ಮಾತ್ರ ನಿಂತು, “ಇವ್ರು ತುಂಬಾ ಒಳ್ಳೆಯವ್ರು ಇದ್ರು ಅನ್ಸುತ್ತೆ,” ಎಂದಳು. ತಿದ್ದುವಂಥದ್ದು ಏನೂ ಇರಲಿಲ್ಲ.

ಸಂಜೆ ಫೋಟೋ ಬಂತು. ಮೆಷಿನ್ನಿನ ಮುಂದೆ ಕೂತಿದ್ದಾರೆ, ಕೊರಳಲ್ಲಿ ಅಳತೆ ಟೇಪು, ಪಕ್ಕದಲ್ಲಿ ಖಾಲಿ ಬೆಂಚು. ಅದನ್ನೂ ಸೇರಿಸಿದೆ. ಒಂದು ಗುಂಡಿ ಒತ್ತಿದರೆ ಪುಟ ಎಲ್ಲರಿಗೂ ಕಾಣುತ್ತದೆ. ಇವತ್ತೇ ಒತ್ತಬಹುದಿತ್ತು. ಹೊರಗೆ ಪಟಾಕಿ, ಡೋಲು, ಇಡೀ ಊರು ಎದ್ದು ಕುಣಿಯುತ್ತಿದೆ. ಆದರೆ ಬೆಂಚು ತುಂಬುತ್ತಿದ್ದದ್ದು ಶುಕ್ರವಾರ. ಪತ್ರ ಹೊರಡುತ್ತಿದ್ದದ್ದೂ ಅಂದೇ. ಬರುವ ಶುಕ್ರವಾರ ಜುಮಾ ಮುಗಿಯುವ ಹೊತ್ತಿಗೆ ಹಾಕುತ್ತೇನೆ. ಮೊಯ್ದಿನ್ ಅವರಿಗೆ ಗಾನವಿ ಫೋನಿನಲ್ಲಿ ಓದಿ ಹೇಳುತ್ತಾಳಂತೆ, ಹೆಸರಿನಿಂದಲೇ ಶುರು ಮಾಡಿ.

ಪುಟ ಹೊರಡುವ ದಿನ: ೨೩ ಡಿಸೆಂಬರ್ ೨೦೨೨, ಶುಕ್ರವಾರ.